ಹಾಲುಹಲ್ಲಿನ ಹೋರಿ

"ಆಡಬಲ್ಲವರಿಗೆ ವಯಸ್ಸಿನ ಕಟ್ಟಳೆ ಯಾಕೆ, ಬುದ್ಧಿ?"

ಸೋಮವಾರ ಮಧ್ಯಾಹ್ನ ಪ್ರಸಾದವಾದ ಮೇಲೆ ಮಠದ ಜಗಲಿಯಲ್ಲಿ ಕುಳಿತು ಗುರುಮಲ್ಲಪ್ಪ ಈ ಪ್ರಶ್ನೆ ಕೇಳಿದ. ಊರಿನಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಚಿಕ್ಕಂದಿನಿಂದ ಮಠಕ್ಕೆ ನಡೆದುಕೊಂಡು ಬಂದವನು. ಗುರುಗಳ ಮುಂದೆ ಸುತ್ತಿಬಳಸಿ ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಆ ದಿನ ಮಾತ್ರ ಪ್ರಶ್ನೆ ಕೇಳಿದವನು ಗುರುಗಳ ಮುಖ ನೋಡದೆ ನೆಲ ನೋಡಿದ.

"ಯಾರ ವಯಸ್ಸು?" ಎಂದರು ಗುರುಗಳು.

"ನಮ್ಮ ಸಿಂಚನಂದು."

ಸಿಂಚನ ಅವನ ಮಗಳು. ಹದಿನೈದು ತುಂಬಿದೆ. ಜಿಲ್ಲಾ ಕೇಂದ್ರದ ಕ್ರೀಡಾ ಹಾಸ್ಟೆಲಿನಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಾಳೆ, ಬಾಸ್ಕೆಟ್‌ಬಾಲ್ ಆಡುತ್ತಾಳೆ. ರಜೆಗೆ ಮನೆಗೆ ಬಂದರೆ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ ಬೆಳೆದಿದ್ದಾಳೆ. ಈಗ ಸಂಬಳ ಕೊಟ್ಟು ಆಡಿಸುವ ಒಂದು ತಂಡದವರು ಅವಳ ಆಟ ನೋಡಿ ಹೋಗಿದ್ದರು. ಅವರ ಜೊತೆ ಸೇರಿದರೆ ಶಾಲೆ ಬಿಡಬೇಕು, ಊರೂರು ತಿರುಗಬೇಕು, ಪೂರ್ತಿ ಬೆಳೆದ ಹೆಂಗಸರ ಜೊತೆ ವರ್ಷವಿಡೀ ಆಡಬೇಕು. ಅಂಥ ತಂಡಗಳಲ್ಲಿ ಹದಿನೆಂಟು ತುಂಬದವರನ್ನು ಸೇರಿಸಿಕೊಳ್ಳಬಾರದೆಂಬ ನಿಯಮವಿತ್ತು.

"ದಾರಿ ಅವರೇ ಹೇಳಿದ್ದಾರೆ ಬುದ್ಧಿ. ಮೈ ನೋಡಿದರೆ ಯಾರೂ ಹದಿನೈದು ಅನ್ನಲ್ಲ, ಹೆತ್ತ ಅಪ್ಪ ಬಾಯಿಬಿಟ್ಟು ಹದಿನೆಂಟು ಅಂದುಬಿಡಿ, ಮುಂದಿನದು ನಮಗೆ ಬಿಡಿ ಅಂದರು. ಇವತ್ತು ಸಾಯಂಕಾಲದ ಒಳಗೆ ಫೋನ್ ಮಾಡ್ತಾರೆ. ಕಾಯ್ತಾ ಕೂತರೆ ಅಷ್ಟರಲ್ಲಿ ಇನ್ನೆಷ್ಟು ಮಕ್ಕಳು ಎದ್ದು ಬರ್ತಾವೋ. ಆಗ ಇವಳನ್ನ ಯಾರು ಕೇಳ್ತಾರೆ?"

"ಅವಳೇನು ಹೇಳುತ್ತಾಳೆ?"

"ಕಳಿಸದಿದ್ದರೆ ನನ್ನ ಹತ್ತಿರ ಮಾತೇ ಬೇಡ ಅಂದಿದ್ದಾಳೆ. ಅವರಮ್ಮ ಬೇಡ ಅಂತಾಳೆ. ಮನೆಯಲ್ಲಿ ಈಗ ನನ್ನ ಜೊತೆ ಮಾತಾಡೋದು ಗಿರಣಿ ಒಂದೇ."

ಗುರುಗಳು ನಕ್ಕರು. ಗುರುಮಲ್ಲಪ್ಪನಿಗೆ ಅದರಿಂದ ಸ್ವಲ್ಪ ಧೈರ್ಯ ಬಂದಿತು. ಮಗಳ ಕೈಯ ಗುಣವನ್ನು ಹೇಳತೊಡಗಿದ.

"ಅದು ಕಲಿಸಿ ಬಂದ ಕೈ ಅಲ್ಲ ಬುದ್ಧಿ. ಚಿಕ್ಕವಳಿದ್ದಾಗ ಮುಂದಿನ ಹಲ್ಲು ಬಿತ್ತು. ಅವರಜ್ಜಿ ಅದನ್ನ ಸಗಣಿ ಉಂಡೆಯೊಳಗಿಟ್ಟು, ಹೆಂಚಿನ ಮೇಲೆ ಎಸಿ ಮಗಾ, ಒಳ್ಳೆ ಹಲ್ಲು ಹುಟ್ಟುತ್ತೆ ಅಂತ ಕೈಗೆ ಕೊಟ್ಟರು. ಇವಳು ಅಂಗಳದಲ್ಲಿ ನಿಂತು ಎಸೆದದ್ದು ಮಾಡು ದಾಟಿ ಹಿಂದಿನ ಹಿತ್ತಿಲಿಗೆ ಹೋಯಿತು. ಅಜ್ಜಿಗೆ ಸಿಟ್ಟು. ಹೆಂಚಿಗೆ ಬೀಳದ ಹಲ್ಲು ಮತ್ತೆ ಹುಟ್ಟೋದಿಲ್ಲ, ಬೊಚ್ಚುಬಾಯಿ ಆಗ್ತೀಯ ನೋಡು ಅಂತ ಬೈದರು. ನಾನು ಮಾತ್ರ ಅವತ್ತೇ ಅಂದುಕೊಂಡೆ, ಈ ಕೈ ಎಲ್ಲರ ಕೈ ಅಲ್ಲ ಅಂತ."

"ಹಲ್ಲು ಹುಟ್ಟಿತಲ್ಲ?"

"ಹುಟ್ಟದೆ ಎಲ್ಲಿ ಹೋಗುತ್ತೆ ಬುದ್ಧಿ."

ಗುರುಗಳು ತಲೆದೂಗಿದರು. ಆಮೇಲೆ ಕೇಳಿದರು: "ಮೊಣಕಾಲು ಹೇಗಿದೆ? ಶಿವರಾತ್ರಿಗೆ ಬಂದಿದ್ದಾಗ ಮೆಟ್ಟಿಲು ಹತ್ತುವಾಗ ಓಡಿ ಬಂದಳು. ಇಳಿಯುವಾಗ ಕಂಬ ಹಿಡಿದುಕೊಂಡಳು."

ಗುರುಮಲ್ಲಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. "ಬೆಳೆಯೋ ಮಕ್ಕಳಿಗೆ ಅದು ಇರೋದೇ ಅಂತೆ. ಪಟ್ಟಿ ಕಟ್ಟಿಕೊಂಡು ಆಡ್ತಾಳೆ."

ಗುರುಗಳು ಮತ್ತೇನೂ ಕೇಳಲಿಲ್ಲ. ಒಂದು ಕಥೆ ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ರೈತನಿದ್ದ. ಆ ಸೀಮೆಯವರಿಗೆ ಎತ್ತಿನ ವಿಷಯದಲ್ಲಿ ಒಂದು ಕಟ್ಟಳೆ ಇತ್ತು. ಹೋರಿ ಎಷ್ಟೇ ಎತ್ತರ ಬೆಳೆದಿರಲಿ, ಎಷ್ಟೇ ಕೊಬ್ಬಿರಲಿ, ಹಾಲುಹಲ್ಲು ಉದುರಿ ಕೆಳದವಡೆಯಲ್ಲಿ ಎರಡು ದೊಡ್ಡ ಹಲ್ಲು ಹುಟ್ಟುವವರೆಗೆ ಅದರ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಹಲ್ಲು ಹುಟ್ಟಿದ ಮೇಲೂ ನೇರವಾಗಿ ಗಾಡಿಗೆ ಹೂಡುತ್ತಿರಲಿಲ್ಲ. ಮೊದಲು ಒಂದು ಮುದಿ ಎತ್ತಿನ ಪಕ್ಕ ಕಟ್ಟಿ, ಉತ್ತು ಮೆತ್ತಗಾದ ಹೊಲದಲ್ಲಿ ಬರೀ ಒಂದು ಮರದ ಕೊರಡು ಎಳೆಸುವರು. ಆಮೇಲೆ ಕುಂಟೆ. ಆಮೇಲೆ ನೇಗಿಲು. ಗಾಡಿ ಎಲ್ಲಕ್ಕಿಂತ ಕೊನೆಗೆ. ಹೀಗೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಳಗಿನ ಮೂಳೆ ಗಟ್ಟಿಯಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಹಲ್ಲು ಕಾಣುತ್ತದೆ. ಅದಕ್ಕೇ ಹಲ್ಲು ನೋಡುತ್ತಿದ್ದರು.

ಈ ರೈತ ಹಲ್ಲು ನೋಡುವುದರಲ್ಲಿ ಹೆಸರಾದವನು. ದನ ಕೊಳ್ಳಲು ಸಂತೆಗೆ ಹೋಗುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವನು ತುಟಿ ಇಳಿಸಿ ಒಂದು ಸಲ ನೋಡಿದರೆ ಮುಗಿಯಿತು, ಮಾರುವವನು ಎಷ್ಟು ಬಾಯಿ ಬಡಿದುಕೊಂಡರೂ ಅವನು ಹೇಳಿದ ವಯಸ್ಸೇ ವಯಸ್ಸು.

ಅವನ ಕೊಟ್ಟಿಗೆಯಲ್ಲಿ ಒಂದು ಹೋರಿಗರು ಹುಟ್ಟಿತು. ಅಂಥ ಕರು ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಹಗ್ಗ ಬಿಚ್ಚಿದರೆ ಹಿಂಡನ್ನೆಲ್ಲ ಹಿಂದೆ ಹಾಕಿ ಕೆರೆ ಏರಿಯ ತುದಿಯಲ್ಲಿ ನಿಂತು ತಿರುಗಿ ನೋಡುತ್ತಿತ್ತು. ಎರಡು ವರ್ಷ ತುಂಬುವ ಮೊದಲೇ ದೊಡ್ಡ ಎತ್ತುಗಳ ಸಮಕ್ಕೆ ಬಂದಿತು. ರೈತನ ಹೆಂಡತಿ ಅದಕ್ಕೆ ದಿನವೂ ಬೆಳಗ್ಗೆ ತನ್ನ ಕೈಯಾರೆ ಒಂದು ಚೂರು ಬೆಲ್ಲ ತಿನ್ನಿಸುತ್ತಿದ್ದಳು. ಅದೇ ದಿನಗಳಲ್ಲಿ ಪಕ್ಕದ ಮನೆಯಲ್ಲೂ ಒಂದು ಹೋರಿಗರು ಹುಟ್ಟಿತ್ತು. ಅದು ಗಿಡ್ಡ. ಅದನ್ನು ಹೊಡೆದುಕೊಂಡು ಬರುವಾಗ ಜನ, "ಮೇಕೆಯನ್ನು ಯಾಕಪ್ಪಾ ಹಗ್ಗ ಹಾಕಿ ಎಳೀತೀಯ, ಎತ್ತಿಕೊಂಡೇ ಬಾ" ಎಂದು ನಗುತ್ತಿದ್ದರು.

ಊರ ಮುಂದಿನ ದಾರಿಯಲ್ಲಿ ಒಬ್ಬ ವ್ಯಾಪಾರಿ ಓಡಾಡುತ್ತಿದ್ದ. ಅವನ ಸವಾರಿ ಗಾಡಿಯನ್ನು ಹೆದ್ದಾರಿಯಲ್ಲಿ ಹಿಂದೆ ಹಾಕಿದವರಿರಲಿಲ್ಲ. ಅವನ ಜೋಡಿಯಲ್ಲಿ ಒಂದು ಎತ್ತು ಸತ್ತುಹೋಯಿತು. ಉಳಿದ ಎತ್ತಿಗೆ ಎತ್ತರದಲ್ಲಿ, ನಡಿಗೆಯಲ್ಲಿ ಹೊಂದುವ ಜೊತೆ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಒಂದು ದಿನ ರೈತನ ಕರು ಏರಿಯ ಮೇಲೆ ಓಡುವುದನ್ನು ಕಂಡು ನಿಂತುಬಿಟ್ಟ.

"ಇದನ್ನು ನನಗೆ ಕೊಡು. ಈ ವಾರವೇ ಗಾಡಿ ಹೂಡಬೇಕು. ಆಗದಿದ್ದರೆ ಹೇಳು, ಮುಂದಿನ ಊರಲ್ಲಿ ಇನ್ನೊಂದು ನೋಡಿಟ್ಟಿದ್ದೇನೆ."

ಒಳ್ಳೆಯ ಬೆಲೆಯನ್ನೇ ಹೇಳಿದ. ಆದರೆ ರೈತನ ಮನಸ್ಸು ಸೋತದ್ದು ಬೆಲೆಗಲ್ಲ. ತನ್ನ ಕರು ಹೆದ್ದಾರಿಯಲ್ಲಿ ಓಡುವುದೂ ಊರಿಗೆ ಊರೇ ಬಾಗಿಲಿಗೆ ಬಂದು ಅದನ್ನು ನೋಡುವುದೂ ಅವನಿಗೆ ಕಣ್ಣ ಮುಂದೆ ಕಂಡಂತಾಯಿತು. ಕರುವಿನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪ್ರೀತಿಯೇ ಅವನ ಬಾಯಲ್ಲಿ ಮುಂದಿನ ಮಾತನ್ನು ಆಡಿಸಿತು.

"ಹಲ್ಲು ಹುಟ್ಟಿದೆಯೇ?" ಎಂದು ವ್ಯಾಪಾರಿ ಕೇಳಿದ.

ರೈತ ಕರುವಿನ ಬೆನ್ನು ಸವರಿದ. "ಹುಟ್ಟಿದೆ" ಎಂದ.

ವ್ಯಾಪಾರಿ ಬಾಯಿ ಬಿಡಿಸಿ ನೋಡಬಹುದಿತ್ತು. ಊರ ದನದ ಬಾಯಿಯನ್ನೆಲ್ಲ ನೋಡುವವನೇ ಹುಟ್ಟಿದೆ ಎಂದ ಮೇಲೆ ತಾನು ನೋಡುವುದೇನು ಎಂದುಕೊಂಡನೋ, ನೋಡಿದರೆ ಬಿಟ್ಟು ಹೋಗಬೇಕಾದೀತು ಎಂದುಕೊಂಡನೋ, ಅಂತೂ ನೋಡಲಿಲ್ಲ.

ರೈತನ ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲೇ ಇದ್ದಳು. ವ್ಯಾಪಾರಿ ಹಗ್ಗ ತರಲು ಗಾಡಿಯ ಕಡೆ ಹೋದಾಗ ಗಂಡನ ಹತ್ತಿರ ಬಂದಳು.

"ಬೆಳಗ್ಗೆ ಬೆಲ್ಲ ತಿನ್ನಿಸಿದಾಗ ನನ್ನ ಬೆರಳಿಗೆ ಸಿಕ್ಕಿದ್ದು ಹಾಲುಹಲ್ಲು. ಅಷ್ಟರಲ್ಲೇ ಉದುರಿ ಹುಟ್ಟಿತೇ?"

"ಬಾಯಿ ಯಾಕೆ ನೋಡುತ್ತೀಯ? ಮೈ ನೋಡು."

"ಊರವರ ದನದ ಬಾಯಿಗೆಲ್ಲ ಕೈ ಹಾಕುತ್ತೀರಿ. ಮನೆಯದರ ಬಾಯಿಗೆ ಹಾಕಲು ಕೈ ಬರಲಿಲ್ಲವೇ?"

"ಇದಕ್ಕೆ ಆ ಲೆಕ್ಕವಲ್ಲ. ಇದು ಎಲ್ಲದರ ಹಾಗೆ ಹುಟ್ಟಿದ್ದಲ್ಲ" ಎಂದ ರೈತ.

ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬೆಲ್ಲವನ್ನು ಕರುವಿಗೆ ತಿನ್ನಿಸಿ ಒಳಗೆ ಹೋದಳು.

ವ್ಯಾಪಾರಿ ಕರುವನ್ನು ಕೊರಡಿಗೆ ಕಟ್ಟಲಿಲ್ಲ, ಕುಂಟೆಗೆ ಕಟ್ಟಲಿಲ್ಲ. ಗಾಡಿಗೇ ಕಟ್ಟಿದ. ಕರು ಓಡಿತು. ಅದು ಓಡಿದ್ದನ್ನು ನೋಡಿದವರು ಬಹಳ ದಿನ ಅದನ್ನೇ ಹೇಳಿಕೊಂಡರು. ಹೆದ್ದಾರಿಯ ಊರುಗಳಲ್ಲಿ ಅದರ ಕೊರಳ ಗಂಟೆಯ ಸದ್ದು ಕೇಳಿದರೆ ಹೆಂಗಸರು ಒಲೆ ಬಿಟ್ಟು ಹೊರಗೆ ಬರುತ್ತಿದ್ದರು. ಕರುವಿಗೂ ಅದು ಇಷ್ಟವಾಗಿತ್ತು. ನೊಗ ಎತ್ತಿ ಹಿಡಿದರೆ ಸಾಕು, ಯಾರೂ ಎಳೆಯುವ ಮೊದಲೇ ತಾನಾಗಿ ಬಂದು ಕತ್ತು ಕೊಡುತ್ತಿತ್ತು.

ಸಂತೆಯ ದಿನ ರೈತ ಹೆದ್ದಾರಿಗೆ ಹೋಗಿ ಸೇತುವೆಯ ಕಟ್ಟೆಯ ಮೇಲೆ ಕೂರುತ್ತಿದ್ದ. ಗಾಡಿ ಹಾದುಹೋದ ಮೇಲೆ ಪಕ್ಕದಲ್ಲಿ ಕುಳಿತವರಿಗೆ, "ಎಡಗಡೆಯದು ನಮ್ಮ ಮನೆಯದು" ಎನ್ನುತ್ತಿದ್ದ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಒಬ್ಬ ಬಳೆಗಾರ, "ಹೋದ ಸಂತೆಯಲ್ಲೂ ಹೇಳಿದಿರಿ ಯಜಮಾನರೇ, ಇನ್ನೂ ನಿಮ್ಮ ಮನೆಯದೇ ಏನು?" ಎಂದು ಕೇಳಿದ. ರೈತನೂ ನಕ್ಕ.

ಸೇತುವೆಯ ಆಚೆ ದಾರಿ ಇಳಿಜಾರು. ಏರು ದಾರಿಯಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ. ಇಳಿಜಾರಿನಲ್ಲಿ ಗಾಡಿ ಹಿಂದಿನಿಂದ ನೂಕುತ್ತದೆ. ಆಗ ಎತ್ತು ಮುಂಗಾಲನ್ನು ಊರಿ ಭಾರವನ್ನೆಲ್ಲ ತಡೆಯಬೇಕು. ಓಡುವುದನ್ನು ನೋಡಲು ದಾರಿಯುದ್ದಕ್ಕೂ ಜನರಿದ್ದರು. ತಡೆಯುವುದನ್ನು ನೋಡಲು ಯಾರೂ ನಿಲ್ಲುತ್ತಿರಲಿಲ್ಲ. ರೈತನೂ ಗಾಡಿ ಸೇತುವೆ ದಾಟಿದ ಮೇಲೆ ಎದ್ದು ಮನೆಗೆ ಹೊರಡುತ್ತಿದ್ದ.

ಎರಡು ಎತ್ತುಗಳ ಕೊರಳ ಗಂಟೆಗಳೂ ಮೊದಲು ಹೆಜ್ಜೆಗೆ ಸರಿಯಾಗಿ ಒಟ್ಟಿಗೆ ಕೇಳಿಸುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಒಂದೇ ಗಂಟೆ ಎನ್ನಿಸುತ್ತಿತ್ತು. ಒಂದು ಸಂತೆಯ ದಿನ ರೈತನಿಗೆ ಎರಡು ಗಂಟೆ ಕೇಳಿಸಿದವು. ಎಡಗಡೆಯದು ಕೂದಲೆಳೆಯಷ್ಟು ತಡವಾಗಿ ಸದ್ದು ಮಾಡುತ್ತಿತ್ತು. ಗಾಳಿಗೆ ಹಾಗೆ ಕೇಳಿಸಿರಬೇಕು ಎಂದುಕೊಂಡ. ಮುಂದಿನ ಸಂತೆಯ ದಿನ ಗಾಳಿ ಇರಲಿಲ್ಲ. ಅಂದು ಅವನು ಗಾಡಿ ಬರುವ ಮೊದಲೇ ಸೇತುವೆಯಿಂದ ಎದ್ದು ಬಂದ.

ಮುಂಗಾರಿನ ಮೊದಲ ಹದಮಳೆ ಬೀಳುವ ಹೊತ್ತಿಗೆ ವ್ಯಾಪಾರಿ ಹೋರಿಯನ್ನು ನಡೆಸಿಕೊಂಡು ಬಂದ. ಕೆಟ್ಟವನಾಗಿದ್ದರೆ ಅದನ್ನು ಬೇರೆ ಎಲ್ಲಿಗೋ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಇವನು ಹುಟ್ಟಿದ ಕೊಟ್ಟಿಗೆಗೇ ತಂದು ಬಿಟ್ಟ. ಹೋರಿಯ ಮುಂಗಾಲುಗಳ ಕೀಲು ಊದಿಕೊಂಡು ಕಾಲು ಒಳಕ್ಕೆ ಸೊಟ್ಟಗಾಗಿತ್ತು. ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಿತ್ತು.

"ಹಲ್ಲು ಹುಟ್ಟಿದೆ ಎಂದೆಯಲ್ಲಪ್ಪಾ" ಎಂದ ವ್ಯಾಪಾರಿ.

"ನೀವು ಬಾಯಿ ನೋಡಲಿಲ್ಲವಲ್ಲ, ಸಾಹುಕಾರರೇ" ಎಂದ ರೈತ.

ಇಬ್ಬರಲ್ಲಿ ಯಾರೂ ದನಿ ಏರಿಸಲಿಲ್ಲ. ಹೋರಿ ಇಬ್ಬರ ನಡುವೆ ನಿಂತಿತ್ತು. ವ್ಯಾಪಾರಿ ಅದರ ಕೊರಳಿನ ಗಂಟೆಯನ್ನು ಬಿಚ್ಚಲು ಕೈ ಹಾಕಿ, ಬೇಡವೆಂದು ಬಿಟ್ಟು, ಹೋದ.

ರೈತ ಮಾಡಬೇಕಾದದ್ದನ್ನೆಲ್ಲ ಮಾಡಿದ. ಎಣ್ಣೆ ಕಾಯಿಸಿ ತಿಕ್ಕಿದ. ಸೊಪ್ಪು ಅರೆದು ಕಟ್ಟಿದ. ಬಲ್ಲವರನ್ನು ಕರೆತಂದು ತೋರಿಸಿದ. ಊತ ಇಳಿಯಿತು. ಕಾಲು ನೆಟ್ಟಗಾಗಲಿಲ್ಲ.

ಒಂದು ಬೆಳಗ್ಗೆ ಅವನ ಹೆಂಡತಿ ಎಂದಿನ ಹಾಗೆ ಹೋರಿಗೆ ಬೆಲ್ಲ ತಿನ್ನಿಸುತ್ತಿದ್ದಳು. ತಟ್ಟನೆ ಕೈ ಹಿಂದೆ ತೆಗೆದಳು.

"ಏನು, ಕಚ್ಚಿತೇ?" ಎಂದು ರೈತ ಕೇಳಿದ.

"ಇಲ್ಲ. ಬನ್ನಿ, ನೋಡಿ."

ರೈತ ಹತ್ತಿರ ಹೋಗಿ, ಎಷ್ಟೋ ದನಗಳ ತುಟಿ ಇಳಿಸಿದ ಬೆರಳಿನಿಂದ ಅದರ ತುಟಿಯನ್ನು ಇಳಿಸಿದ. ಹಾಲುಹಲ್ಲುಗಳ ನಡುವೆ ಎರಡು ದೊಡ್ಡ ಹಲ್ಲು ಹುಟ್ಟಿದ್ದವು. ಅಗಲವಾಗಿ, ಬೆಳ್ಳಗೆ, ಒಂದಕ್ಕೊಂದು ಆನಿಕೊಂಡು. ಅವನು ಅಷ್ಟು ವರ್ಷ ನೋಡಿದ್ದರಲ್ಲೆಲ್ಲ ಅಂಥ ಹಲ್ಲು ನೋಡಿರಲಿಲ್ಲ. ಕೊರಡು ಎಳೆಸಲು ಅದೇ ಸರಿಯಾದ ಕಾಲವಾಗಿತ್ತು. ಹೊಲವೂ ಉತ್ತು ಮೆತ್ತಗಾಗಿತ್ತು.

ಹೆಂಡತಿ ಏನಾದರೂ ಅಂದಾಳು ಎಂದು ರೈತ ಕಾದ. ಅವಳು ಉಳಿದ ಬೆಲ್ಲವನ್ನು ಹೋರಿಗೆ ತಿನ್ನಿಸಿ ಒಳಗೆ ಹೋದಳು. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅಂದಿನಿಂದ ಅವನು ಯಾರು ಕರೆದರೂ ದನದ ಬಾಯಿ ನೋಡಲು ಸಂತೆಗೆ ಹೋಗಲಿಲ್ಲ.

ಪಕ್ಕದ ಮನೆಯ ಗಿಡ್ಡ ಹೋರಿಗೂ ಆ ವರ್ಷವೇ ಹಲ್ಲು ಹುಟ್ಟಿದವು. ಅದು ಕೊರಡು ಎಳೆಯಿತು, ಕುಂಟೆ ಎಳೆಯಿತು, ನೇಗಿಲು ಎಳೆಯಿತು. ಆಮೇಲೆ ಗಾಡಿಗೆ ಬಂದಿತು. ಅದರ ಓಟವನ್ನು ನೋಡಲು ಯಾರೂ ಒಲೆ ಬಿಟ್ಟು ಬರಲಿಲ್ಲ. ಅದು ಮಾತ್ರ ಬಹಳ ವರ್ಷ ಆ ದಾರಿಯಲ್ಲಿ ಹೋಗುತ್ತಿತ್ತು, ಬರುತ್ತಿತ್ತು.

ರೈತನ ಕೊಟ್ಟಿಗೆಯ ಮುಂದೆ ಹಾದುಹೋಗುವಾಗ ಅದರ ಗಂಟೆ ಕೇಳಿಸುತ್ತಿತ್ತು. ಕೊಟ್ಟಿಗೆಯಲ್ಲಿ ಮಲಗಿದ್ದ ದೊಡ್ಡ ಹೋರಿ ಆ ಸದ್ದು ಕೇಳಿ ಕಷ್ಟಪಟ್ಟು ಎದ್ದು ನಿಲ್ಲುತ್ತಿತ್ತು. ನಿಂತು, ಬಾಗಿಲ ಕಡೆಗೆ ಕತ್ತನ್ನು ಮುಂದಕ್ಕೆ ಚಾಚುತ್ತಿತ್ತು. ಎದುರಿಗೆ ನೊಗ ಇರುತ್ತಿರಲಿಲ್ಲ. ಗಂಟೆಯ ಸದ್ದು ದೂರವಾಗುವವರೆಗೆ ಹಾಗೆಯೇ ಚಾಚಿಕೊಂಡು ನಿಂತಿದ್ದು, ಆಮೇಲೆ ಮಲಗುತ್ತಿತ್ತು. ಇದು ದಿನವೂ ನಡೆಯುತ್ತಿತ್ತು. ರೈತ ಆ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಹೊಲದ ಕಡೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಗುರುಮಲ್ಲಪ್ಪ ಟವೆಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡ. ಮತ್ತೆ ಬಿಚ್ಚಿದ. "ಅದು ದನ, ಬುದ್ಧಿ. ಮೂಕಪ್ರಾಣಿ. ನಮ್ಮ ಹುಡುಗಿಗೆ ಬಾಯಿದೆ. ಅವಳೇ ಹೋಗ್ತೀನಿ, ಆಡ್ತೀನಿ ಅಂತ ಕೂತಿದ್ದಾಳೆ. ನಾನಾಗಿ ಹಗ್ಗ ಹಾಕಿ ಎಳೀತಿಲ್ಲ."

"ಆ ಕರುವೂ ಯಾರೂ ಎಳೆಯದೆ ಕತ್ತು ಕೊಡುತ್ತಿತ್ತು, ಗುರುಮಲ್ಲ."

"ಹಾಗಾದರೆ ಅಷ್ಟು ವರ್ಷ ಸುಮ್ಮನೆ ಕೂರಿಸಲಾ?"

"ಕೊರಡು ಎಳೆಯುವುದು ಸುಮ್ಮನೆ ಕೂರುವುದಲ್ಲಪ್ಪಾ. ಶಾಲೆ ಇದೆ. ಹಾಸ್ಟೆಲ್ ಇದೆ. ಅವಳ ಓರಗೆಯ ಮಕ್ಕಳ ಜೊತೆ ಆಟ ಇದೆ. ಆ ಮೊಣಕಾಲನ್ನು ಯಾರಾದರೂ ಬಲ್ಲ ಡಾಕ್ಟರಿಗೆ ತೋರಿಸುವುದಿದೆ."

"ಅಷ್ಟೆಲ್ಲ ಮಾಡಿ, ಹದಿನೆಂಟು ತುಂಬಿದ ಮೇಲೆ ಯಾರೂ ಬಂದು ಕೇಳದಿದ್ದರೆ?"

ಗುರುಗಳು ಅವನಿಗೆ ಸಮಾಧಾನದ ಮಾತು ಹೇಳಲಿಲ್ಲ. "ಕೇಳದೆಯೂ ಇರಬಹುದು" ಎಂದರು.

ಗುರುಮಲ್ಲಪ್ಪನ ಮುಖ ಸಣ್ಣದಾಯಿತು. ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದ. ತಂಡದವರೇ. ಫೋನನ್ನು ಕೈಯಲ್ಲಿ ಹಿಡಿದುಕೊಂಡು ಗುರುಗಳ ಮುಖ ನೋಡಿದ.

ಗುರುಗಳು ಹೇಳಿದರು: "ಹದಿನೆಂಟು ಅನ್ನು, ನಾನು ಬೇಡ ಅನ್ನುವುದಿಲ್ಲ. ಆದರೆ ಹಿತ್ತಿಲಲ್ಲಿ ಬಿದ್ದ ನಿನ್ನ ಮಗಳ ಆ ಹಾಲುಹಲ್ಲನ್ನು ಹುಡುಕಿ ಅಂಗೈಯಲ್ಲಿ ಇಟ್ಟುಕೊಂಡು ಅನ್ನು."

ಫೋನ್ ಹೊಡೆದುಕೊಂಡು ಹೊಡೆದುಕೊಂಡು ತಾನಾಗಿಯೇ ನಿಂತಿತು.